‘ಮಾನವ ದೋಷ’ ಅಂತ ಬರೆದರೆ ಸಾಕೇ? ಕಾರವಾರ–ಶಿರಸಿ ಕಡೆಯ ಶಾಲಾ ಪ್ರಯೋಗಗಳಲ್ಲಿ ತಪ್ಪು ಎಲ್ಲಿಂದ ಬರುತ್ತದೆ

ಕಾಳಿದಂಡೆ (ಕಾರವಾರ)

ಪ್ರೌಢಶಾಲೆ ಇರಲಿ, ಪಿಯು ಇರಲಿ, ಪ್ರಾಯೋಗಿಕ ಪುಸ್ತಕದಲ್ಲಿ ‘ದೋಷದ ಮೂಲಗಳು’ ಅನ್ನುವ ತಲೆಬರಹದ ಕೆಳಗೆ ಯಾವಾಗಲೂ ಅದೇ ಮೂರು ಸಾಲು: ಮಾನವ ದೋಷ, ಉಪಕರಣದ ದೋಷ, ಗಾಳಿಯ ಪ್ರತಿರೋಧ. ಲೋಲಕಕ್ಕೂ ಅದೇ, ಟೈಟ್ರೇಶನ್‌ಗೂ (ಒಂದು ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಇನ್ನೊಂದರ ಸಾಂದ್ರತೆ ಅಳೆಯುವುದು) ಅದೇ. ಇದರಿಂದ ಮಕ್ಕಳಿಗೆ ಏನೂ ಸಿಗುವುದಿಲ್ಲ. ದೋಷ ಅಂದ ಮೇಲೆ ನಾಲ್ಕು ಸಂಗತಿ ಬರೆಯಬೇಕು: ಎಲ್ಲಿ ಬಂತು, ಉತ್ತರವನ್ನು ಹೆಚ್ಚು ಮಾಡಿತೋ ಕಡಿಮೆ ಮಾಡಿತೋ, ಸುಮಾರು ಎಷ್ಟು, ತಡೆಯುವುದು ಹೇಗೆ.

ಇನ್ನೊಂದು ಮಾತು. ಪಠ್ಯಪುಸ್ತಕದ ಪ್ರಯೋಗಗಳನ್ನು ಒಣ ಹವೆಯನ್ನು ಮನಸ್ಸಿನಲ್ಲಿಟ್ಟು ಬರೆದಂತಿದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಕರಾವಳಿಯಲ್ಲಿ ಅದರ ಮೇಲೆ ಉಪ್ಪುಗಾಳಿ. ನಮ್ಮ ಹವೆಯಿಂದಲೇ ಬರುವ ದೋಷಗಳನ್ನು ಬಲ್ಲವರು ಇಲ್ಲಿ ಬರೆಯಿರಿ. ಅಂಕಿಸಂಖ್ಯೆ ಸಮೇತ ಬರೆದರೆ ತರಗತಿಯಲ್ಲಿ ಬಳಸಬಹುದು.

ಬೇಡ್ತಿ (ಶಿರಸಿ)

ಮೊದಲು ನೀರು ಕುದಿಯುವ ಬಿಂದು. ಇದರಲ್ಲಿ ಶಿರಸಿಯ ಮಕ್ಕಳಿಗೆ ಅನ್ಯಾಯವೇ ಆಗುತ್ತಿದೆ.

ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುಭಾರ ಹತ್ತಿರ ಹತ್ತಿರ 945 ಹೆಕ್ಟೋಪಾಸ್ಕಲ್ (ಸಮುದ್ರಮಟ್ಟದಲ್ಲಿ ಸುಮಾರು 1013). 100 ಡಿಗ್ರಿಯ ಆಸುಪಾಸಿನಲ್ಲಿ ಪ್ರತಿ 36 ಹೆಕ್ಟೋಪಾಸ್ಕಲ್ ಇಳಿಕೆಗೆ ಕುದಿಬಿಂದು 1 ಡಿಗ್ರಿ ಇಳಿಯುತ್ತದೆ. ಅಂದರೆ ಶಿರಸಿಯಲ್ಲಿ ಶುದ್ಧ ನೀರು ಕುದಿಯುವುದೇ ಸುಮಾರು 98 °ಸೆ.ಗೆ. ಹುಡುಗಿ ಕಂಡಂತೆ 98 ಬರೆದರೆ ‘ತಪ್ಪು, 100 ಮಾಡು’ ಅನ್ನುವುದು ವಿಜ್ಞಾನಕ್ಕೆ ವಿರುದ್ಧ. ಥರ್ಮಾಮೀಟರಿನಲ್ಲಿ ನಿಜವಾಗಿ 100 ಬಂದರೆ ಅಲ್ಲಿ ಥರ್ಮಾಮೀಟರನ್ನೇ ಅನುಮಾನಿಸಬೇಕು.

ಪರೀಕ್ಷೆ ಹೀಗೆ: ಪುಡಿ ಮಾಡಿದ ಐಸನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಥರ್ಮಾಮೀಟರಿನ ಬುರುಡೆ (ತುದಿಯ ಉಬ್ಬು) ಪೂರ್ತಿ ಮುಳುಗುವಂತೆ ಇಟ್ಟು, ಐದು ನಿಮಿಷ ಬಿಟ್ಟು ಓದಿ. 0 ಬರಬೇಕು. 1.5 ತೋರಿಸಿದರೆ ಅದು ಶೂನ್ಯ ದೋಷ, ಆ ಥರ್ಮಾಮೀಟರಿನ ಕುತ್ತಿಗೆಗೆ ಚೀಟಿ ಕಟ್ಟಿ ಬರೆದಿಡಿ. ಆಮೇಲೆ ಕುದಿಯುವ ನೀರಿನ ಆವಿಯಲ್ಲಿ ಓದಿ. ಬುರುಡೆ ನೀರಿನಿಂದ ಒಂದೆರಡು ಸೆಂಟಿಮೀಟರ್ ಮೇಲಿರಲಿ. ನೀರಿನೊಳಗೆ ಅದ್ದಿದರೆ ಕರಗಿದ ಲವಣ, ತಳದ ಅತಿಬಿಸಿ ಎರಡೂ ಸೇರಿ ಓದು ಸ್ವಲ್ಪ ಮೇಲೇರುತ್ತದೆ. ಬುರುಡೆ ಪಾತ್ರೆಯ ತಳ ಮುಟ್ಟಿದರಂತೂ ಆ ಓದಿಗೆ ಅರ್ಥವೇ ಇಲ್ಲ.

ಕಾಳಿದಂಡೆ (ಕಾರವಾರ)

ಕಾರವಾರದಲ್ಲೂ ಮಳೆಗಾಲದಲ್ಲಿ ವಾಯುಭಾರ 1005ರ ಆಸುಪಾಸಿಗೆ ಇಳಿಯುತ್ತದೆ. ಕುದಿಬಿಂದು 99.8. ಶಾಲೆಯ ಥರ್ಮಾಮೀಟರಿನಲ್ಲಿ 1 ಡಿಗ್ರಿಯ ಗೀಟು, ಹಾಗಾಗಿ ಇದು ಕಣ್ಣಿಗೆ ಬೀಳುವುದಿಲ್ಲ. ಆದರೆ ದಂಡೆಯ ಒಂದು ಶಾಲೆ, ಘಟ್ಟದ ಮೇಲಿನ ಒಂದು ಶಾಲೆ ಒಂದೇ ದಿನ ಅಳೆದು ಫಲಿತಾಂಶ ಹಂಚಿಕೊಂಡರೆ 2 ಡಿಗ್ರಿಯ ವ್ಯತ್ಯಾಸ ಸ್ಪಷ್ಟವಾಗಿ ಸಿಗುತ್ತದೆ. ಎರಡೂ ಕಡೆ ಐಸಿನಲ್ಲಿ ಪರೀಕ್ಷಿಸಿದ ಥರ್ಮಾಮೀಟರ್ ಇರಬೇಕು, ಅಷ್ಟೇ ಷರತ್ತು. ಕಾರವಾರ ಮತ್ತು ಶಿರಸಿ ಎರಡು ಬೇರೆ ಶೈಕ್ಷಣಿಕ ಜಿಲ್ಲೆಗಳಾದರೂ ಇಂಥದ್ದಕ್ಕೆ ಒಂದು ಫೋನ್ ಕರೆ ಸಾಕು.

ಲಂಬಸೂತ್ರ (ಕುಮಟಾ)

ಸರಳ ಲೋಲಕಕ್ಕೆ ಬರೋಣ. ‘ಗಾಳಿಯ ಪ್ರತಿರೋಧ’ ಅಂತ ಎಲ್ಲರೂ ಬರೆಯುವುದು ಇಲ್ಲೇ, ಅದು ಲೆಕ್ಕಕ್ಕೇ ಬಾರದ್ದೂ ಇಲ್ಲೇ. ಲೋಹದ ಗುಂಡಿಗೆ ಗಾಳಿಯ ತಡೆಯಿಂದ ತೂಗಾಟದ ಅಗಲ ನಿಧಾನವಾಗಿ ಕುಗ್ಗುತ್ತದೆ. ಆಂದೋಲನ ಕಾಲದಲ್ಲಿ ನಮ್ಮ ಗಡಿಯಾರಕ್ಕೆ ಸಿಗುವಷ್ಟು ವ್ಯತ್ಯಾಸ ಬರುವುದಿಲ್ಲ.

ನಿಜವಾದ ದೋಷಗಳು ಬೇರೆ. 1 ಮೀಟರ್ ಲೋಲಕಕ್ಕೆ 20 ಆಂದೋಲನದ ಕಾಲ ಸುಮಾರು 40.2 ಸೆಕೆಂಡ್.

ಎಣಿಕೆ ತಪ್ಪುವುದೇ ಅತಿ ದೊಡ್ಡದು. ಗಡಿಯಾರ ಒತ್ತುವಾಗಲೇ ‘ಒಂದು’ ಅಂದರೆ ‘ಇಪ್ಪತ್ತು’ ಅನ್ನುವಾಗ ಆಗಿರುವುದು 19 ಆಂದೋಲನ. ಕಾಲ 5% ಕಡಿಮೆ ಬರುತ್ತದೆ, ಗುರುತ್ವ ವೇಗೋತ್ಕರ್ಷ 9.78ರ ಬದಲು 10.84 ಆಗುತ್ತದೆ. 10.8ರ ಹತ್ತಿರ ಉತ್ತರ ಬಂದ ಪುಸ್ತಕ ಕಂಡರೆ ಮೊದಲು ಇದನ್ನೇ ಕೇಳಿ. ಪರಿಹಾರ ಸುಲಭ: ‘ಮೂರು, ಎರಡು, ಒಂದು, ಸೊನ್ನೆ’ ಅಂತ ಇಳಿಸಿ ಎಣಿಸುತ್ತ ಸೊನ್ನೆಗೆ ಒತ್ತಿ.

ಬೆರಳಿನ ತಡ ಸುಮಾರು 0.2 ಸೆಕೆಂಡ್. ಒಂದೇ ಆಂದೋಲನ ಅಳೆದರೆ 2 ಸೆಕೆಂಡಿನಲ್ಲಿ 10% ತಪ್ಪು, ಕಾಲದ ವರ್ಗ ಬರುವುದರಿಂದ ಉತ್ತರದಲ್ಲಿ 20%. ಇಪ್ಪತ್ತು ಅಳೆದರೆ ಉತ್ತರದಲ್ಲಿ 1%. ಗುಂಡು ತುದಿಯಲ್ಲಿ ನಿಂತಾಗ ಒತ್ತಬೇಡಿ, ಅಲ್ಲಿ ಅದು ಯಾವ ಕ್ಷಣದಲ್ಲಿ ತಿರುಗಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ನಡುವಿನ ಗೆರೆ ದಾಟುವಾಗ ಒತ್ತಿ.

ಕೋನ: 10 ಡಿಗ್ರಿಯಲ್ಲಿ ಬಿಟ್ಟರೆ ಕಾಲ 0.2% ಹೆಚ್ಚು, ಚಿಂತೆಯಿಲ್ಲ. 30 ಡಿಗ್ರಿಯಲ್ಲಿ ಬಿಟ್ಟರೆ 1.7% ಹೆಚ್ಚು, ಗುರುತ್ವ 3.4% ಕಡಿಮೆ. ಮೀಟರ್ ಉದ್ದದ ದಾರಕ್ಕೆ ಪಕ್ಕಕ್ಕೆ 10–15 ಸೆಂ.ಮೀ. ಎಳೆದರೆ ಬೇಕಾದಷ್ಟಾಯಿತು.

ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯಬೇಕು. ಕೊಕ್ಕೆಯವರೆಗೆ ಮಾತ್ರ ಅಳೆದು 1 ಸೆಂ.ಮೀ. ಬಿಟ್ಟರೆ ಮೀಟರಿಗೆ 1%, ಅರ್ಧ ಮೀಟರಿಗೆ 2% ಕಡಿಮೆ. ಐದಾರು ಉದ್ದಗಳಿಗೆ ಅಳೆದು ಉದ್ದ–ಕಾಲವರ್ಗದ ನಕ್ಷೆ ಎಳೆದರೆ ಈ ದೋಷ ಗೆರೆಯನ್ನು ಪಕ್ಕಕ್ಕೆ ಸರಿಸುತ್ತದೆಯೇ ಹೊರತು ಇಳಿಜಾರನ್ನು ಕೆಡಿಸುವುದಿಲ್ಲ. ಗೆರೆ ಮೂಲಬಿಂದುವಿನಲ್ಲಿ ಹಾಯದೆ ಇದ್ದರೆ ಉದ್ದ ಅಳೆದದ್ದರಲ್ಲಿ ಏನೋ ಬಿಟ್ಟುಹೋಗಿದೆ ಅಂತ ನಕ್ಷೆಯೇ ಹೇಳುತ್ತದೆ. ಒಂದೇ ಉದ್ದಕ್ಕೆ ಹತ್ತು ಸಲ ಅಳೆದು ಸರಾಸರಿ ತೆಗೆದರೆ ಈ ಸುಳಿವು ಸಿಗುವುದಿಲ್ಲ.

ಅಂದ ಹಾಗೆ ಕಾರವಾರದ ಅಕ್ಷಾಂಶದಲ್ಲಿ ಸರಿಯಾದ ಮೌಲ್ಯ ಸುಮಾರು 9.78, 9.81 ಅಲ್ಲ.

ಅಡಿಕೆಸೋಗೆ (ಸಿದ್ದಾಪುರ)

ದಾರದ ಬಗ್ಗೆ ಒಂದು ಸೇರಿಸುತ್ತೇನೆ. ಹತ್ತಿದಾರ ತೇವ ಹೀರಿದಾಗ ಅದರ ಉದ್ದ ಬದಲಾಗುತ್ತದೆ, ಭಾರಕ್ಕೆ ಜಗ್ಗುತ್ತದೆ ಕೂಡ. ಬೆಳಿಗ್ಗೆ ಅಳೆದ ಉದ್ದವನ್ನೇ ಮಧ್ಯಾಹ್ನದ ತಂಡಕ್ಕೆ ಕೊಡಬೇಡಿ. ಗುಂಡು ನೇತು ಬಿಟ್ಟು ಹತ್ತು ನಿಮಿಷ ಕಳೆದ ಮೇಲೆಯೇ ಉದ್ದ ಅಳೆಯಿರಿ. ಹೆಣೆದ ಮೀನುಬಲೆಯ ನೈಲಾನ್ ದಾರ ಹತ್ತಿಗಿಂತ ವಾಸಿ. ಮೇಲೆ ದಾರವನ್ನು ಮೊಳೆಗೆ ಸುತ್ತಿದರೆ ತೂಗಾಡುವಾಗ ಉದ್ದ ಬದಲಾಗುತ್ತಲೇ ಇರುತ್ತದೆ. ಸೀಳಿದ ಬಿರಡೆಯ ನಡುವೆ ಬಿಗಿಯಾಗಿ ಕಚ್ಚಿಸಿ.

ಮಿನಿಸ್ಕಸ್ (ಹೊನ್ನಾವರ)

ರಸಾಯನಶಾಸ್ತ್ರದಲ್ಲಿ ಮಳೆಗಾಲದ ಮುಖ್ಯ ಶತ್ರು ಸೋಡಿಯಂ ಹೈಡ್ರಾಕ್ಸೈಡ್‌ನ ಗುಳಿಗೆ. ಡಬ್ಬಿ ತೆರೆದು ಕಾಗದದ ಮೇಲೆ ತೂಗುವಷ್ಟರಲ್ಲೇ ಒದ್ದೆಯಾಗಿ ಹೊಳೆಯುತ್ತದೆ. ತಕ್ಕಡಿ 1.00 ಗ್ರಾಂ ತೋರಿಸಿದರೂ ಅದರಲ್ಲಿ ಹತ್ತರಲ್ಲಿ ಒಂದು ಪಾಲು ನೀರಾಗಿದ್ದರೆ, 250 ಮಿಲಿ ದ್ರಾವಣ 0.1 ಮೋಲಾರ್ (ಲೀಟರಿಗೆ 0.1 ಮೋಲ್) ಆಗದೆ 0.09 ಆಗುತ್ತದೆ. ಜೊತೆಗೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಒಂದಿಷ್ಟು ಕಾರ್ಬನೇಟ್ ಆಗುತ್ತದೆ. ಫೀನಾಲ್ಫ್ತಲೀನ್ ಸೂಚಕ ಬಳಸಿದಾಗ ಈ ಕಾರ್ಬನೇಟ್ ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಆದ್ದರಿಂದ ಈ ಕ್ಷಾರವನ್ನು ತೂಗಿ ‘ಇದು 0.1 ಮೋಲಾರ್’ ಅನ್ನಲೇಬಾರದು. ಹರಳು ಆಕ್ಸಾಲಿಕ್ ಆಮ್ಲವನ್ನು ತೂಗಬೇಕು. ಅದು ಎರಡು ನೀರಿನ ಅಣುಗಳನ್ನು ಹಿಡಿದಿರುವ ಹರಳು, ಅಣುತೂಕ 126. 1.58 ಗ್ರಾಂ ತೂಗಿ 250 ಮಿಲಿ ಮಾಡಿದರೆ 0.05 ಮೋಲಾರ್. ಕ್ಷಾರವನ್ನು ಸುಮಾರು 1.1 ಗ್ರಾಂ ಹಾಕಿ ಕರಗಿಸಿ, ಆಕ್ಸಾಲಿಕ್‌ನ ಎದುರು ಟೈಟ್ರೇಟ್ ಮಾಡಿ ನಿಜವಾದ ಸಾಂದ್ರತೆ ಕಂಡುಹಿಡಿಯಿರಿ. ಬಟ್ಟಿ ಇಳಿಸಿದ ನೀರನ್ನು ಕುದಿಸಿ, ಮುಚ್ಚಿಟ್ಟು ಆರಿಸಿ ಬಳಸಿ. ದ್ರಾವಣ ಪ್ಲಾಸ್ಟಿಕ್ ಬಾಟಲಿಯಲ್ಲಿರಲಿ, ಗಾಜಿನ ಬಿರಡೆ ಕ್ಷಾರಕ್ಕೆ ಅಂಟಿ ಕೂರುತ್ತದೆ.

ಬ್ಯೂರೆಟ್ಟಿನ (ಕೆಳಗೆ ನಲ್ಲಿಯಿರುವ ಗೀಟಿನ ಕೊಳವೆ) ವಿಷಯ:

ಮೂತಿಯಲ್ಲಿ ಗಾಳಿಗುಳ್ಳೆ ಇದ್ದು ನಡುವೆ ಹೊರಬಿದ್ದರೆ 0.3 ಮಿಲಿಯಷ್ಟು ಸುಳ್ಳು ಓದು ಬರಬಹುದು. 10 ಮಿಲಿಯ ಟೈಟ್ರೇಶನ್‌ನಲ್ಲಿ ಅದು 3%. ಒಂದು ಹನಿ ಹೆಚ್ಚಾದರೆ 0.05 ಮಿಲಿ, 0.5%. ಎರಡನ್ನೂ ಹೋಲಿಸಿ ನೋಡಿ, ಮಕ್ಕಳು ಕೊನೆಯ ಹನಿಗೆ ಉಸಿರು ಬಿಗಿಹಿಡಿಯುತ್ತಾರೆ, ಗುಳ್ಳೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಬ್ಯೂರೆಟ್ಟನ್ನೂ ಪಿಪೆಟ್ಟನ್ನೂ ಕೊನೆಗೆ ಅದದರ ದ್ರಾವಣದಲ್ಲೇ ತೊಳೆಯಬೇಕು. ಶಂಕು ಫ್ಲಾಸ್ಕನ್ನು ಬಟ್ಟಿ ನೀರಿನಲ್ಲಿ ಮಾತ್ರ. ಫ್ಲಾಸ್ಕಿನಲ್ಲಿ ನೀರು ಉಳಿದರೆ ತೊಂದರೆಯಿಲ್ಲ, ಅದರೊಳಗಿನ ಆಮ್ಲದ ಪ್ರಮಾಣ ಬದಲಾಗುವುದಿಲ್ಲ. ದ್ರಾವಣದಲ್ಲೇ ತೊಳೆದರೆ ಮಾತ್ರ ಹೆಚ್ಚುವರಿ ಆಮ್ಲ ಒಳಗುಳಿಯುತ್ತದೆ. ಆಲಿಕೆಯನ್ನು ಬ್ಯೂರೆಟ್ಟಿನ ಮೇಲೇ ಬಿಟ್ಟರೆ ಅದರಿಂದ ಹನಿ ಇಳಿದು ಓದು ಕೆಡುತ್ತದೆ. ಪಿಪೆಟ್ಟಿನ ಕೊನೆಯ ಹನಿಯನ್ನು ಊದಬೇಡಿ, ಆ ಹನಿ ಒಳಗೇ ಉಳಿಯುವ ಲೆಕ್ಕದಲ್ಲಿ ಗೀಟು ಹಾಕಿರುತ್ತಾರೆ.

ಬ್ಯೂರೆಟ್ಟಿನಲ್ಲಿ ಪರ್ಮಾಂಗನೇಟ್ ಆದರೆ ಬಣ್ಣ ಗಾಢ, ದ್ರಾವಣದ ಮೇಲ್ಮೈಯ ಕೆಳಬಾಗು ಕಾಣದು, ಮೇಲಂಚನ್ನೇ ಓದಿ, ಮೊದಲೂ ಕೊನೆಗೂ ಒಂದೇ ರೀತಿ. ಆಕ್ಸಾಲಿಕ್ ಆಮ್ಲದ ಜೊತೆ 60–70 ಡಿಗ್ರಿಗೆ ಬಿಸಿ ಮಾಡಬೇಕು. ಮೋರ್ ಲವಣವಾದರೆ (ಕಬ್ಬಿಣದ ಒಂದು ಲವಣ) ಬಿಸಿ ಮಾಡಲೇಬಾರದು, ಕಬ್ಬಿಣ ಗಾಳಿಯಲ್ಲೇ ಉತ್ಕರ್ಷಣಗೊಂಡುಬಿಡುತ್ತದೆ. ಕಂದು ಬಣ್ಣ ಬಂದರೆ ಸಾಮಾನ್ಯವಾಗಿ ಸಲ್ಫ್ಯೂರಿಕ್ ಆಮ್ಲ ಸಾಲದು ಅಂತ ಅರ್ಥ, ಆ ಓದನ್ನು ಬಿಡಿ. ಹೈಡ್ರೋಕ್ಲೋರಿಕ್ ಆಮ್ಲ ಹಾಕಬೇಡಿ, ಅದನ್ನೂ ಪರ್ಮಾಂಗನೇಟ್ ತಿನ್ನುತ್ತದೆ.

ಚಿರೇಕಲ್ಲು (ಅಂಕೋಲಾ)

‘ಬಟ್ಟಿ ನೀರು ಮುಗಿದಿದೆ, ಬಾವಿ ನೀರು ನಡೆಯುತ್ತದಾ?’ ಅಂತ ಎಷ್ಟೋ ಕಡೆ ಕೇಳುತ್ತಾರೆ. ಟೈಟ್ರೇಶನ್‌ಗೆ ಬೇಡ. ನಮ್ಮ ಚಿರೇಕಲ್ಲಿನ (ಜಂಬಿಟ್ಟಿಗೆ) ಬಾವಿಯ ನೀರು ನೋಡಲು ತಿಳಿ, ಆದರೆ ಕರಗಿದ ಕಾರ್ಬನ್ ಡೈಆಕ್ಸೈಡ್‌ನಿಂದ ತುಸು ಆಮ್ಲೀಯ, ಕೆಲವು ಕಡೆ ಕಬ್ಬಿಣವೂ ಇರುತ್ತದೆ. ಪರ್ಮಾಂಗನೇಟ್‌ಗೆ ಕರಗಿದ ಕಬ್ಬಿಣ ನೇರ ದೋಷ. ಚೊಕ್ಕ ಚಾದರದಲ್ಲಿ, ಮಳೆ ಹಿಡಿದು ಅರ್ಧ ತಾಸು ಸುರಿದ ಮೇಲೆ, ಸೂರಿನಿಂದ ಅಲ್ಲದೆ ನೇರ ಆಕಾಶದಿಂದ ಹಿಡಿದ ಮಳೆನೀರನ್ನು ಕುದಿಸಿ ಆರಿಸಿದರೆ ಅದು ಬಾವಿನೀರಿಗಿಂತ ಎಷ್ಟೋ ಮೇಲು. ಅದಕ್ಕೂ ಒಂದು ಖಾಲಿ ಪರೀಕ್ಷೆ ಮಾಡಿ: 20 ಮಿಲಿ ನೀರು, ಒಂದು ಹನಿ ಫೀನಾಲ್ಫ್ತಲೀನ್, ಬ್ಯೂರೆಟ್ಟಿನ ಕ್ಷಾರ. ಒಂದೇ ಹನಿಗೆ ಗುಲಾಬಿ ಆಗಿ ನಿಂತರೆ ಬಳಸಬಹುದು.

ಅಡಿಕೆಸೋಗೆ (ಸಿದ್ದಾಪುರ)

ಕೆಳತರಗತಿಯ ಸೂಚಕ ಪ್ರಯೋಗಕ್ಕೆ ನಮ್ಮ ಕಡೆ ದಾಸವಾಳದ ಬದಲು ಮುರುಗಲು (ಕೋಕಂ) ಸಿಪ್ಪೆ ಬಳಸುತ್ತಾರೆ. ಬಣ್ಣವೇನೋ ಸೊಗಸು, ಆದರೆ ಮುರುಗಲು ತಾನೇ ಹುಳಿ. ದಪ್ಪ ರಸ ಒಂದು ಚಮಚ ಹಾಕಿದರೆ ತೆಳು ಅಡುಗೆ ಸೋಡಾ ದ್ರಾವಣವನ್ನು ಅದೇ ತಟಸ್ಥ ಮಾಡಿಬಿಡುತ್ತದೆ. ಮಕ್ಕಳು ‘ಸೋಡಾ ಆಮ್ಲ’ ಅಂತ ಬರೆಯುತ್ತಾರೆ. 2 ಗ್ರಾಂ ಒಣಸಿಪ್ಪೆಯನ್ನು 50 ಮಿಲಿ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಸೋಸಿ, ತಿಳಿಗುಲಾಬಿ ಆಗುವಷ್ಟು ನೀರು ಸೇರಿಸಿ. 5 ಮಿಲಿ ಮಾದರಿಗೆ ಮೂರೇ ಹನಿ. ಅಂಗಡಿಯ ಉಪ್ಪು ಹಾಕಿದ ಸಿಪ್ಪೆ, ಸಕ್ಕರೆ ಪಾಕದ ಶರಬತ್ತು ಎರಡೂ ಬೇಡ. ದಾಸವಾಳ ಸಿಗುತ್ತಿದ್ದರೆ ಅದೇ ಉತ್ತಮ ಅಂತ ನನ್ನ ಅಭಿಪ್ರಾಯ, ಅದರಲ್ಲಿ ಇಷ್ಟು ಹುಳಿ ಇಲ್ಲ.

ಗಜನಿ (ಗೋಕರ್ಣ)

ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸುವುದು ನಮ್ಮಲ್ಲಿ ಅತಿ ಸಾಮಾನ್ಯ ಪ್ರಯೋಗ. ತೆರೆದ ಕಡಲಿನ 100 ಮಿಲಿ ನೀರಿನಲ್ಲಿ ಸುಮಾರು 3.6 ಗ್ರಾಂ ಲವಣ ಇರುತ್ತದೆ. ತರಗತಿಯಲ್ಲಿ ಮಾತ್ರ 2ರಿಂದ 5 ಗ್ರಾಂವರೆಗೆ ಏನು ಬೇಕಾದರೂ ಬರುತ್ತದೆ. ಕಾರಣಗಳಿವೆ.

ಕಡಿಮೆ ಬಂದರೆ: ಕೊನೆಯಲ್ಲಿ ಉರಿ ತಗ್ಗಿಸದೆ ಉಪ್ಪು ಸಿಡಿದು ಹೋಗಿದೆ, ಅಥವಾ ನೀರು ತಂದದ್ದು ಅಳಿವೆಯಿಂದ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಯಾವುದರ ಬಾಯಲ್ಲೇ ಆಗಲಿ ಮಳೆಗಾಲದಲ್ಲಿ ಮೇಲ್ನೀರು ಸಿಹಿಯಾಗಿರುತ್ತದೆ. ಬೇಸಿಗೆಯಲ್ಲಿ, ಉಬ್ಬರದ ಹೊತ್ತಿಗೆ, ನದೀಮುಖದಿಂದ ದೂರದ ದಂಡೆಯಲ್ಲಿ ಹಿಡಿದ ನೀರು ತನ್ನಿ.

ಹೆಚ್ಚು ಬಂದರೆ: ಉಪ್ಪು ಒಣಗಿಲ್ಲ. ಸಮುದ್ರದ ಲವಣದಲ್ಲಿ ಮೆಗ್ನೀಶಿಯಂ ಕ್ಲೋರೈಡ್ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒಲೆಯಿಂದ ಇಳಿಸಿ ಮರುದಿನ ತೂಗಿದರೆ ತೂಕ ಏರಿರುತ್ತದೆ. ಬೆಚ್ಚಗಿರುವಾಗಲೇ ಮುಚ್ಚಿಟ್ಟು, ಆರಿದೊಡನೆ ತೂಗಿ, ಮತ್ತೆ ಬಿಸಿ ಮಾಡಿ ತೂಗಿ. ಎರಡು ತೂಕ 0.05 ಗ್ರಾಂ ಒಳಗೆ ಹೊಂದುವವರೆಗೆ ಹೀಗೇ ಮಾಡಿ. ಹಾಗಂತ ಕೆಂಡದಂತೆ ಕಾಯಿಸಬೇಡಿ, ಮೆಗ್ನೀಶಿಯಂ ಕ್ಲೋರೈಡ್ ಒಡೆದು ಹೈಡ್ರೋಜನ್ ಕ್ಲೋರೈಡ್ ಆವಿ ಹೊರಡುತ್ತದೆ, ಮೂಗಿಗೂ ಕೆಟ್ಟದ್ದು, ತೂಕವೂ ಕಡಿಮೆ.

ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಇದೇ ರಸಾಯನ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ನೀರು ಆವಿಯಾಗುತ್ತ ಹೋದಂತೆ ಮೊದಲು ಜಿಪ್ಸಂ, ಆಮೇಲೆ ಅಡುಗೆ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಶಿಯಂ ಲವಣಗಳು ಉಳಿದ ಕಹಿ ನೀರಿನಲ್ಲಿ ನಿಲ್ಲುತ್ತವೆ. ಶಾಲೆಯಲ್ಲಿ ಪೂರ್ತಿ ಒಣಗಿಸುವುದರಿಂದ ಸಿಗುವುದು ಎಲ್ಲ ಲವಣಗಳ ಮಿಶ್ರಣ. ‘3.6 ಗ್ರಾಂ ಸೋಡಿಯಂ ಕ್ಲೋರೈಡ್’ ಅಂತ ಬರೆದರೆ ಅದೂ ಒಂದು ದೋಷವೇ.

ಇನ್ನು 100 ಮಿಲಿಯನ್ನು ಬೀಕರಿನ ಗೀಟಿನಿಂದ ಅಳೆಯಬೇಡಿ, ಅದರಲ್ಲಿ 5% ಹೆಚ್ಚು–ಕಡಿಮೆ ಇರುತ್ತದೆ. ಅಳತೆ ಸಿಲಿಂಡರ್ ಬಳಸಿ.

ಜಾಕಿ (ಕಾರವಾರ)

ವಿದ್ಯುತ್ ಪ್ರಯೋಗಗಳಿಗೆ ಉಪ್ಪುಗಾಳಿಯೇ ಕಂಟಕ. ರೋಧ ಪೆಟ್ಟಿಗೆಯ ಹಿತ್ತಾಳೆ ಬಿರಡೆಗಳ ಮೇಲೆ ಕಿಲುಬು, ಕ್ಲಿಪ್ಪುಗಳ ಹಲ್ಲಿನಲ್ಲಿ ಹಸಿರು. ಪ್ರತಿ ಸಂಪರ್ಕವೂ ಒಂದು ಅನಾಮಿಕ ರೋಧವಾಗುತ್ತದೆ. 2 ಓಮ್ ಅಳೆಯುವಾಗ ಒಂದೆರಡು ದಶಾಂಶ ಓಮ್ ಸೇರಿದರೂ 10% ಹೋಯಿತು. ಬಿರಡೆಯನ್ನು ಒತ್ತಿ ಬಿಡುವುದಲ್ಲ, ಒತ್ತಿ ತಿರುಗಿಸಿ ಕೂರಿಸಬೇಕು. ಸೊನ್ನೆ ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಸ್ಪಿರಿಟ್ ಬಟ್ಟೆಯಿಂದ ಒರೆಸಿ. ಹುಣಸೆಹಣ್ಣಿನಿಂದ ತಿಕ್ಕಿದರೆ ಹೊಳೆಯುತ್ತದೆ ನಿಜ, ಆದರೆ ಸಂದಿಯಲ್ಲಿ ಉಳಿದ ಹುಳಿ ಮತ್ತೆ ಕಿಲುಬು ತರುತ್ತದೆ.

ಮೀಟರ್ ಬ್ರಿಜ್‌ನಲ್ಲಿ (ಮೀಟರ್ ಉದ್ದದ ತಂತಿಯ ಮೇಲೆ ರೋಧ ಅಳೆಯುವ ಉಪಕರಣ) ಶೂನ್ಯಬಿಂದು, ಅಂದರೆ ಗ್ಯಾಲ್ವನೋಮೀಟರ್ ಸೊನ್ನೆ ತೋರಿಸುವ ಜಾಗ, 40ರಿಂದ 60 ಸೆಂ.ಮೀ. ನಡುವೆ ಬರುವಂತೆ ಪೆಟ್ಟಿಗೆಯ ರೋಧ ಆರಿಸಿ. 50ರಲ್ಲಿ 1 ಮಿ.ಮೀ. ತಪ್ಪು ಓದಿದರೆ ಉತ್ತರದಲ್ಲಿ 0.4% ತಪ್ಪು, 10ರಲ್ಲಿ ಅದೇ ಮಿ.ಮೀ.ಗೆ 1.1%. ತುದಿಯ ತಾಮ್ರಪಟ್ಟಿಯ ರೋಧವೂ ಅಲ್ಲಿ ಹೆಚ್ಚು ಕಾಡುತ್ತದೆ. ಎಡಬಲ ಅದಲುಬದಲು ಮಾಡಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ. ಜಾಕಿಯನ್ನು (ತಂತಿಗೆ ಮುಟ್ಟಿಸುವ ಮೊನೆ) ತಂತಿಯ ಮೇಲೆ ಎಳೆದಾಡಿದರೆ ತಂತಿ ಒಂದೊಂದು ಕಡೆ ತೆಳುವಾಗಿ, ಸೆಂಟಿಮೀಟರಿಗಿಷ್ಟು ರೋಧ ಅನ್ನುವ ಆಧಾರವೇ ಹೋಗುತ್ತದೆ. ಮುಟ್ಟಿ ಎತ್ತಿ, ಮುಟ್ಟಿ ಎತ್ತಿ.

ಓಮನ ನಿಯಮದಲ್ಲಿ ಕೀಲಿಯನ್ನು ಓದುವಷ್ಟು ಹೊತ್ತು ಮಾತ್ರ ಮುಚ್ಚಿ. ತಂತಿ ಬಿಸಿಯಾದರೆ ರೋಧ ಏರುತ್ತದೆ, ಗೆರೆ ಮೇಲ್ತುದಿಯಲ್ಲಿ ಬಾಗುತ್ತದೆ.

ಕಾಳಿದಂಡೆ (ಕಾರವಾರ)

ಬಾಚಣಿಗೆ–ಕಾಗದದ ಚೂರು ಪ್ರಯೋಗಕ್ಕೆ ಜುಲೈ ತಿಂಗಳಲ್ಲಿ ಏನಾದರೂ ಉಪಾಯ ಉಂಟೇ?

ಜಾಕಿ (ಕಾರವಾರ)

ಡಿಸೆಂಬರ್–ಜನವರಿಗೆ ಮುಂದೂಡುವುದೇ ಸರಿ. ಮಾಡಲೇಬೇಕಾದರೆ ಹಳೆಯ 60 ವಾಟಿನ ತಂತಿ ಬಲ್ಬಿನ ಕೆಳಗೆ ಕಾಗದದ ಚೂರು, ಪಿವಿಸಿ ಪೈಪಿನ ತುಂಡು, ಉಣ್ಣೆಬಟ್ಟೆ ಮೂರನ್ನೂ ಹತ್ತು ನಿಮಿಷ ಇಟ್ಟು, ಬೆಚ್ಚಗಿರುವಾಗಲೇ ಬಲ್ಬಿನ ಕೆಳಗೇ ಮಾಡಿ. ಎಲ್‌ಇಡಿ ಬಲ್ಬಿನಲ್ಲಿ ಆಗದು. ಮೇಲ್ಮೈಯ ತೇವದ ಪೊರೆಯಲ್ಲಿ ಆವೇಶ ಹರಿದುಹೋಗುವುದೇ ಸೋಲಿಗೆ ಕಾರಣ, ಮಕ್ಕಳು ಉಜ್ಜಿದ್ದು ಸಾಲದು ಅಂತ ಅಲ್ಲ.

ಬೇಡ್ತಿ (ಶಿರಸಿ)

ಪೀನ ಮಸೂರದ ನಾಭಿದೂರಕ್ಕೆ ‘ದೂರದ ವಸ್ತು’ ಅಂತ ಕಿಟಕಿಯಾಚೆಯ ಅಡಿಕೆ ಮರ ಹಿಡಿಯುತ್ತಾರೆ. ಮರ 10 ಮೀಟರ್ ದೂರದಲ್ಲಿದ್ದು ನಾಭಿದೂರ 20 ಸೆಂ.ಮೀ. ಆದರೆ ಬಿಂಬ ಬೀಳುವುದು 20.4ರಲ್ಲಿ, 2% ಹೆಚ್ಚು. 50 ಮೀಟರಿನಾಚೆಯ ವಸ್ತು ಹಿಡಿದರೆ ಸ್ಕೇಲಿಗೆ ವ್ಯತ್ಯಾಸ ಸಿಗದು. ಕಾರವಾರದವರಿಗೆ ಕಡಲಾಚೆ ಕೂರ್ಮಗಡ ದ್ವೀಪವೇ ಇದೆ. ಮಸೂರದಲ್ಲಿ ಮಳೆಗಾಲದ ಬೂಷ್ಟು ಹಿಡಿದಿದ್ದರೆ ಬಿಂಬ ಮಸುಕಾಗುತ್ತದೆ, ಸ್ಪಷ್ಟ ಬಿಂದು ಎಲ್ಲಿ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮಿನಿಸ್ಕಸ್ (ಹೊನ್ನಾವರ)

ಹವೆಯ ದೋಷ ಅಂತ ಕೇಳಿದಿರಲ್ಲ, ಐಸಿನ ಗುಪ್ತೋಷ್ಣಕ್ಕಿಂತ (ಒಂದು ಗ್ರಾಂ ಐಸ್ ಕರಗಲು ಬೇಕಾದ ಉಷ್ಣ) ದೊಡ್ಡ ಉದಾಹರಣೆ ಇಲ್ಲ. ಲೆಕ್ಕ ಸಮೇತ ಕೊಡುತ್ತೇನೆ.

50 ಗ್ರಾಂ ತಾಮ್ರದ ಕ್ಯಾಲೊರಿಮೀಟರ್ (ಉಷ್ಣ ಅಳೆಯುವ ಪಾತ್ರೆ), 100 ಗ್ರಾಂ ನೀರು, 35ರಿಂದ 26 °ಸೆ.ಗೆ ಇಳಿಸುತ್ತೇವೆ. ನೀರು, ತಾಮ್ರ ಎರಡೂ ಸೇರಿ ಕೊಡುವ ಉಷ್ಣ ಸುಮಾರು 3940 ಜೂಲ್. ಅದಕ್ಕೆ 8.9 ಗ್ರಾಂ ಐಸ್ ಬೇಕು. ಉತ್ತರ ಗ್ರಾಂಗೆ 334 ಜೂಲ್ ಬರಬೇಕು.

ಐಸ್ ಒದ್ದೆಯಾಗಿದ್ದು ಅದರ ತೂಕದಲ್ಲಿ 10% ನೀರೇ ಆಗಿದ್ದರೆ ಉತ್ತರ 300ಕ್ಕೆ ಇಳಿಯುತ್ತದೆ. ಒತ್ತುಕಾಗದದಲ್ಲಿ ಒರೆಸಿ, ಚಿಮಟದಲ್ಲಿ ಹಿಡಿದು ತಕ್ಷಣ ಹಾಕಬೇಕು. ಇದು ಎಲ್ಲ ಊರಿನಲ್ಲೂ ಇರುವ ದೋಷ.

ನಮ್ಮದು ಇಬ್ಬನಿ. ಮಳೆಗಾಲದಲ್ಲಿ ಕರಾವಳಿಯ ಗಾಳಿಯ ಇಬ್ಬನಿ ಬಿಂದು (ಗಾಳಿಯ ಆವಿ ನೀರಾಗತೊಡಗುವ ತಾಪ) 25 ಡಿಗ್ರಿಯ ಆಸುಪಾಸು. ಕ್ಯಾಲೊರಿಮೀಟರ್ ಅದಕ್ಕಿಂತ ತಣ್ಣಗಾದೊಡನೆ ಹೊರಮೈಯಲ್ಲಿ ನೀರು ಕೂರುತ್ತದೆ. ಒಂದು ಗ್ರಾಂ ಆವಿ ನೀರಾಗುವಾಗ ಸುಮಾರು 2440 ಜೂಲ್ ಬಿಡುತ್ತದೆ, ಏಳು ಗ್ರಾಂ ಐಸ್ ಕರಗಿಸಲು ಅಷ್ಟು ಸಾಕು. ಮೇಲಿನ ಲೆಕ್ಕದಲ್ಲಿ ಬರೀ 0.1 ಗ್ರಾಂ ಇಬ್ಬನಿ ಕೂತರೂ ಐಸ್ ಹೆಚ್ಚು ಬೇಕಾಗುತ್ತದೆ, ಕೊನೆಯ ತೂಕದಲ್ಲಿ ಇಬ್ಬನಿಯೂ ಐಸಿನ ಲೆಕ್ಕಕ್ಕೆ ಸೇರುತ್ತದೆ, ಉತ್ತರ 304ಕ್ಕೆ ಬೀಳುತ್ತದೆ. ಪುಸ್ತಕದಲ್ಲಿ ಹೇಳಿದಂತೆ ಕೋಣೆಯ ತಾಪಕ್ಕಿಂತ ಐದಾರು ಡಿಗ್ರಿ ಕೆಳಗೆ ಇಳಿಸಿದರೆ ಇದು ಖಂಡಿತ ಆಗುತ್ತದೆ. ಅದಕ್ಕೇ ನಾನು 26ಕ್ಕೇ ನಿಲ್ಲಿಸಿದ್ದು.

ಲಂಬಸೂತ್ರ (ಕುಮಟಾ)

ಆದರೆ ಕೋಣೆಯ ತಾಪಕ್ಕಿಂತ ಎಷ್ಟು ಮೇಲೆ ಶುರು ಮಾಡುತ್ತೇವೋ ಅಷ್ಟೇ ಕೆಳಗೆ ಮುಗಿಸಬೇಕಲ್ಲವೇ? ಆಗ ತಾನೇ ಹೊರಗೆ ಹೋದ ಉಷ್ಣವೂ ಒಳಗೆ ಬಂದ ಉಷ್ಣವೂ ಸರಿದೂಗುವುದು. 28 ಡಿಗ್ರಿಯ ಕೋಣೆಯಲ್ಲಿ 35ರಿಂದ 26 ಅಂದರೆ ಮೇಲೆ 7, ಕೆಳಗೆ 2.

ಮಿನಿಸ್ಕಸ್ (ಹೊನ್ನಾವರ)

ಸರಿಯಾದ ಆಕ್ಷೇಪ. ಸರಿದೂಗುವುದಿಲ್ಲ, ಸ್ವಲ್ಪ ಉಷ್ಣ ಹೊರಗೆ ಹೋಗುತ್ತದೆ, ಅದು ಉತ್ತರವನ್ನು ಹೆಚ್ಚಿಸುವ ಕಡೆಗೆ ಎಳೆಯುತ್ತದೆ. ಆದರೆ ಮುಚ್ಚಳ, ಥರ್ಮೋಕೋಲ್ ಹೊದಿಕೆ ಇದ್ದು, ಐಸ್ ಚೂರುಗಳನ್ನು ಸಣ್ಣದಾಗಿ ಹಾಕಿ ಎರಡು ನಿಮಿಷದಲ್ಲಿ ಮುಗಿಸಿದರೆ ಆ ನಷ್ಟ ಇಬ್ಬನಿಯ ದೋಷಕ್ಕಿಂತ ಚಿಕ್ಕದು, ತಣಿಯುವ ದರ ಅಳೆದು ತಿದ್ದಲೂಬಹುದು. ಇಬ್ಬನಿಯನ್ನು ತಿದ್ದುವ ದಾರಿಯಿಲ್ಲ. 32ರಿಂದ ಶುರು ಮಾಡಿ, ನೀರು 150 ಗ್ರಾಂ ತೆಗೆದುಕೊಂಡರೆ ಎರಡೂ ಕಡೆಗೆ ಸಮೀಪವಾಗುತ್ತದೆ.

ಆ ದಿನದ ಇಬ್ಬನಿ ಬಿಂದು ತಿಳಿಯಲು ಉಪಕರಣ ಬೇಡ. ಹೊಳೆಯುವ ಸ್ಟೀಲ್ ಲೋಟದಲ್ಲಿ ಅರ್ಧ ನೀರು, ಒಳಗೆ ಥರ್ಮಾಮೀಟರ್. ಐಸಿನ ಚಿಕ್ಕ ಚೂರು ಒಂದೊಂದಾಗಿ ಹಾಕುತ್ತ ಕಲಕಿ. ಹೊರಮೈ ಮಸುಕಾದ ಕ್ಷಣದ ತಾಪ ಬರೆದುಕೊಳ್ಳಿ. ಐಸ್ ತೆಗೆದು, ಮಸುಕು ಮಾಯವಾಗುವ ತಾಪವನ್ನೂ ಬರೆಯಿರಿ. ಎರಡರ ಸರಾಸರಿಯೇ ಇಬ್ಬನಿ ಬಿಂದು. ಲೋಟದ ಮೇಲೆ ಉಸಿರು ತಾಗದಿರಲಿ, ಬಾಯಿಗೆ ಅಡ್ಡ ಗಾಜಿನ ಹಾಳೆ ಹಿಡಿದು ನೋಡಿ. ಆ ಅಂಕಿಯನ್ನು ಬೆಳಿಗ್ಗೆಯೇ ಲ್ಯಾಬಿನ ಹಲಗೆಯ ಮೇಲೆ ಬರೆದಿಟ್ಟು, ಕ್ಯಾಲೊರಿಮೀಟರನ್ನು ಅದಕ್ಕಿಂತ ಒಂದು ಡಿಗ್ರಿ ಮೇಲೆಯೇ ನಿಲ್ಲಿಸಲು ಎಲ್ಲ ತಂಡಗಳಿಗೂ ಹೇಳಿ.